ಅಕ್ಷರದಾಸೋಹವೂ ಶಾಲೆಯ ಗ್ರಂಥಭಂಡಾರವೂ

ಶ್ರೀ ಗುರುಬಸವಲಿಂಗಾಯ ನಮಃ

(ಶ್ರೀಮಠದ ಮಹೋತ್ಸವದ ಅಂಗವಾಗಿ ನೆರೆದ ಶಿಷ್ಯಸಭೆಯಲ್ಲಿ ನಡೆದ ಉಪನ್ಯಾಸ)



ಹಸಿದವನಿಗೆ ಅನ್ನ, ನೆಲೆಯಿಲ್ಲದವನಿಗೆ ಆಶ್ರಯ, ಅರಿವನ್ನು ಬಯಸಿ ಬಂದವನಿಗೆ ಅಕ್ಷರ ಎಂಬ ತ್ರಿವಿಧ ದಾಸೋಹವು ಶರಣಪರಂಪರೆಯ ಮಠಗಳಲ್ಲಿ ತಲೆತಲಾಂತರದಿಂದ ನಡೆದುಕೊಂಡು ಬಂದಿರುವುದು ಸರ್ವವಿದಿತವಾದ ಸಂಗತಿ. ಇವುಗಳಲ್ಲಿ ಅನ್ನದಾಸೋಹದ ನಿಯಮವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳುವುದು ಪ್ರಕೃತ ವಿಷಯಕ್ಕೆ ಅವಶ್ಯಕ. ಮಠದ ಪಂಕ್ತಿಗೆ ಕಣ್ಣಿಲ್ಲದವನೊಬ್ಬನು ಬಂದರೆ ಅವನನ್ನು ಯಾರೂ ಬಾಗಿಲಿನಿಂದ ಹಿಂದಕ್ಕೆ ಕಳುಹಿಸುವುದಿಲ್ಲ. ಕೈಹಿಡಿದು ಕರೆತಂದು ಕುಳ್ಳಿರಿಸಿ, ಎಲೆಯ ಬಲಗಡೆ ಪಲ್ಯವಿದೆ, ಎದುರಿಗೆ ಅನ್ನವಿದೆ, ಎಡಗಡೆ ನೀರಿದೆ ಎಂದು ತಿಳಿಸುತ್ತಾರೆ. ಕಾಲಿಲ್ಲದವನು ಪಂಕ್ತಿಯವರೆಗೆ ಬರಲಾರದೆ ಹೋದರೆ ಪ್ರಸಾದವು ಅವನಿದ್ದೆಡೆಗೆ ಹೋಗುತ್ತದೆ. ಬಡಿಸುವವನು ಉಣ್ಣುವವನಿಗೆ ತಕ್ಕಂತೆ ಬಡಿಸಬೇಕೇ ಹೊರತು, ಉಣ್ಣುವವನು ಬಡಿಸುವವನ ಅನುಕೂಲಕ್ಕೆ ಹೊಂದಿಕೊಳ್ಳಬೇಕೆಂಬುದು ದಾಸೋಹದ ಧರ್ಮವಲ್ಲ.

ಅಕ್ಷರದಾಸೋಹದಲ್ಲಿ ಈ ನಿಯಮವು ಇದೇ ಬಗೆಯಾಗಿ ನಡೆದಿದೆಯೇ ಎಂಬುದೇ ಈ ದಿನದ ಪ್ರಶ್ನೆ. ಶಾಲೆಯ ಗ್ರಂಥಭಂಡಾರವೆಂಬುದು ಅಕ್ಷರದ ಪಂಕ್ತಿ. ಅದರ ಬೀರುಗಳಲ್ಲಿ ಗ್ರಂಥಗಳಿವೆ. ಆದರೆ ಅಚ್ಚಿನ ಅಕ್ಷರವನ್ನು ಕಾಣಲಾರದ, ಪುಟವನ್ನು ಮಗುಚಲಾರದ, ಸಾಲನ್ನು ಹಿಡಿದು ಓದಲಾರದ ಮಗುವಿನ ಎದುರಿಗೆ ಆ ಗ್ರಂಥವನ್ನು ಇಡುವುದೆಂದರೆ, ಕಣ್ಣಿಲ್ಲದವನ ಮುಂದೆ ಎಲೆಯನ್ನು ಹಾಕಿ ಬಡಿಸದೆ ಹೋದಂತೆಯೇ ಸರಿ.

ಶರಣಪರಂಪರೆಗೆ ಈ ಚಿಂತೆಯು ಹೊಸತೇನೂ ಅಲ್ಲ. ಹಾನಗಲ್ಲಿನ ಶ್ರೀ ಕುಮಾರಸ್ವಾಮಿಗಳು (೧೮೬೭–೧೯೩೦) ೧೯೦೯ರಲ್ಲಿ ಬಾದಾಮಿಯ ಸಮೀಪದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಮಹಾನುಭಾವರು. ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಬಡ ಮನೆಯೊಂದರಲ್ಲಿ ಹುಟ್ಟುಗುರುಡರಾಗಿದ್ದ ಇಬ್ಬರು ಸೋದರರನ್ನು ಅವರು ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಸಂಗೀತ ವಿದ್ಯೆಯನ್ನು ಕೊಡಿಸಿದರು. ಆ ಸೋದರರಲ್ಲಿ ಒಬ್ಬರೇ ಮುಂದೆ ಪಂಚಾಕ್ಷರ ಗವಾಯಿಗಳೆಂದು (೧೮೯೨–೧೯೪೪) ನಾಡಿನಲ್ಲೆಲ್ಲ ಪ್ರಸಿದ್ಧರಾಗಿ, ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಕಾರಣರಾದವರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ತಾವೂ ದೃಷ್ಟಿಹೀನರಾಗಿದ್ದು, ಕನ್ನಡ, ಸಂಸ್ಕೃತ, ಹಿಂದಿ ಈ ಮೂರು ಭಾಷೆಗಳಲ್ಲಿ ಗ್ರಂಥರಚನೆ ಮಾಡಿ, ಅಸಂಖ್ಯಾತ ಅನಾಥ ಹಾಗೂ ಅಂಧ ಮಕ್ಕಳಿಗೆ ಗುರುವಾಗಿ, ೨೦೧೦ರಲ್ಲಿ ಪದ್ಮಭೂಷಣ ಪ್ರಶಸ್ತಿಗೂ ಪಾತ್ರರಾದರು.

ಈ ಪುಣ್ಯಚರಿತ್ರೆಯಿಂದ ಲೋಕವು ಸಾಮಾನ್ಯವಾಗಿ ತೆಗೆದುಕೊಳ್ಳುವ ಪಾಠವು, ಕಣ್ಣಿಲ್ಲದವರಿಗೆ ಸಂಗೀತವೇ ಗತಿ ಎಂಬುದು. ಇದು ತಪ್ಪಾದ ಅರ್ಥ. ಕುಮಾರಸ್ವಾಮಿಗಳು ಆ ಹುಡುಗನಲ್ಲಿದ್ದ ಕಂಠವನ್ನು ಗುರುತಿಸಿ ಅದಕ್ಕೆ ತಕ್ಕ ವಿದ್ಯೆಯನ್ನು ಕೊಡಿಸಿದರು. ಗುರುತಿಸಬೇಕಾದುದು ಮಗುವಿನಲ್ಲಿರುವ ಶಕ್ತಿಯನ್ನು ಎಂಬುದು ಅಲ್ಲಿನ ನಿಜವಾದ ಪಾಠ. ಒಬ್ಬನಿಗೆ ಗಣಿತವು ಒಲಿದೀತು, ಇನ್ನೊಬ್ಬಳಿಗೆ ನ್ಯಾಯಶಾಸ್ತ್ರ, ಮತ್ತೊಬ್ಬನಿಗೆ ಇತಿಹಾಸ. ಕಂಠವಿಲ್ಲದ ಕುರುಡು ಮಗುವಿಗೂ ವಿದ್ಯೆಯ ಹಕ್ಕಿದೆ. ಆ ಹಕ್ಕು ಸಾರ್ಥಕವಾಗುವ ಸ್ಥಳವು ಗ್ರಂಥಭಂಡಾರ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳ ಸೀಮೆಯು ೨೦೦೭ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು, ೨೦೨೫ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರನ್ನು ಪಡೆಯಿತು. ೨೦೧೧ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆಯು ೧೦ ಲಕ್ಷ ೮೦ ಸಾವಿರಕ್ಕೂ ಮೇಲಿತ್ತು. ಅದೇ ಗಣತಿಯಲ್ಲಿ ಕರ್ನಾಟಕದಲ್ಲಿ ಅಂಗವೈಕಲ್ಯವುಳ್ಳವರು ೧೩ ಲಕ್ಷಕ್ಕೂ ಹೆಚ್ಚೆಂದು ಲೆಕ್ಕವಾಯಿತು. ಅಂದರೆ ನೂರು ಜನರಲ್ಲಿ ಇಬ್ಬರಿಗಿಂತ ಕಡಮೆಯಲ್ಲ. ಯಾವ ಊರಿನ ಶಾಲೆಯಾದರೂ ತನ್ನಲ್ಲಿ ಇಂಥ ಮಗುವೇ ಇಲ್ಲವೆಂದು ಹೇಳಿದರೆ, ಆ ಮಗುವು ಮನೆಯಲ್ಲಿಯೇ ಉಳಿದಿದೆಯೋ ಅಥವಾ ತರಗತಿಯ ಕೊನೆಯ ಸಾಲಿನಲ್ಲಿ ಯಾರ ಗಮನಕ್ಕೂ ಬಾರದೆ ಕುಳಿತಿದೆಯೋ ಎಂದು ವಿಚಾರಿಸಿ ನೋಡಬೇಕಾಗುತ್ತದೆ. ಈ ಸೀಮೆಗೆ ಇನ್ನೊಂದು ಹೊಣೆಯೂ ಉಂಟು. ತುಮಕೂರಿನ ಸಿದ್ಧಗಂಗೆಯಲ್ಲಿ ಸಹಸ್ರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿದ ಶ್ರೀ ಶಿವಕುಮಾರ ಮಹಾಸ್ವಾಮಿಗಳು ೧೯೦೭ರ ಏಪ್ರಿಲ್ ೧ರಂದು ಜನಿಸಿದ್ದು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ. ೨೦೧೯ರ ಜನವರಿ ೨೧ರಂದು ಅವರು ಲಿಂಗೈಕ್ಯರಾದರು. ಅವರನ್ನು ಹೆತ್ತ ನೆಲದಲ್ಲಿ ಅಕ್ಷರದಾಸೋಹದ ಪಂಕ್ತಿಯಿಂದ ಒಂದು ಮಗುವೂ ಎದ್ದು ಹೋಗಬಾರದು.

ಒಂದು ಉದಾಹರಣೆಯನ್ನು ಎಣಿಸಿಕೊಳ್ಳಬಹುದು. ಕನಕಪುರದ ಕಾಡಂಚಿನ ಊರೊಂದರಲ್ಲಿ ದೃಷ್ಟಿಯಿಲ್ಲದ ಹುಡುಗಿಯೊಬ್ಬಳು ಏಳನೆಯ ತರಗತಿಯವರೆಗೆ ಬಂದಿದ್ದಾಳೆಂದುಕೊಳ್ಳೋಣ. ಉಪಾಧ್ಯಾಯರು ಹೇಳಿದ್ದನ್ನೆಲ್ಲ ಕೇಳಿ ಬಾಯಿಪಾಠ ಮಾಡಿದ್ದಾಳೆ. ಗೆಳತಿಯು ಓದಿ ಹೇಳಿದ್ದನ್ನು ಮನಸ್ಸಿನಲ್ಲಿಟ್ಟಿದ್ದಾಳೆ. ಎಲ್ಲರೂ ಅವಳನ್ನು ಜಾಣೆಯೆಂದು ಹೊಗಳುತ್ತಾರೆ. ಆದರೆ ಈ ಏಳು ವರ್ಷಗಳಲ್ಲಿ ಅವಳು ಒಂದು ಪುಸ್ತಕವನ್ನಾದರೂ ತಾನಾಗಿ ಆರಿಸಿಕೊಂಡಿಲ್ಲ. ಮೆಚ್ಚಿಕೆಯಾಗದ ಪುಸ್ತಕವನ್ನು ಅರ್ಧಕ್ಕೆ ಬಿಟ್ಟಿಲ್ಲ, ಮೆಚ್ಚಿದ ಪುಟವನ್ನು ಎರಡನೆಯ ಸಲ ಓದಿಲ್ಲ. ಓದಿ ಹೇಳುವ ಗೆಳತಿಗೆ ಬಿಡುವಾದಾಗ ಮಾತ್ರ ಇವಳಿಗೆ ಓದು. ಇದನ್ನು ವಿದ್ಯೆಯೆಂದು ಕರೆಯಬಹುದಾದರೂ ಸ್ವತಂತ್ರವಾದ ವಿದ್ಯೆಯೆಂದು ಕರೆಯಲಾಗದು.

ಲಿಂಗವಂತ ಧರ್ಮದಲ್ಲಿ ಇದಕ್ಕೆ ಸ್ಪಷ್ಟವಾದ ದೃಷ್ಟಾಂತವಿದೆ. ಇಷ್ಟಲಿಂಗವು ಪ್ರತಿಯೊಬ್ಬ ಭಕ್ತನ ಅಂಗೈಯಲ್ಲಿಯೇ ಇರತಕ್ಕದ್ದು. ಒಬ್ಬನ ಪೂಜೆಯನ್ನು ಮತ್ತೊಬ್ಬನು ಮಾಡಿಕೊಡುವಂತಿಲ್ಲ. ಗುಡಿಯ ಬಾಗಿಲಿನಲ್ಲಿ ಕಾದು ನಿಂತು, ಪೂಜಾರಿಯ ಕೈಯಿಂದ ದೇವರನ್ನು ಪಡೆಯಬೇಕಾಗಿದ್ದ ಜನಕ್ಕೆ ಹನ್ನೆರಡನೆಯ ಶತಮಾನದ ಶರಣರು ಆ ಸ್ವಾತಂತ್ರ್ಯವನ್ನು ಕೊಟ್ಟರು. ಓದಿನ ವಿಷಯದಲ್ಲಿಯೂ ಹಾಗೆಯೇ. ಪರರು ಓದಿ ಹೇಳುವುದು ಸ್ನೇಹ, ಅದು ದೊಡ್ಡದು. ಆದರೆ ಅಂಗೈಯಲ್ಲಿ ತನ್ನದೇ ಗ್ರಂಥವಿದ್ದು, ಏಕಾಂತದಲ್ಲಿ ತಾನೇ ಓದುವ ಅವಕಾಶವು ಬೇರೆ. ಅದನ್ನು ಒದಗಿಸತಕ್ಕ ಸಾಧನಗಳು ಈ ಕಾಲದಲ್ಲಿ ದುರ್ಲಭವಾಗಿಲ್ಲ. ಅವುಗಳನ್ನು ಅರಿತು ಕೈಗೆ ಕೊಡುವವರು ಬೇಕು.

ಆ ಸಾಧನಗಳಲ್ಲಿ ಹಳೆಯದೂ ಮೂಲಭೂತವೂ ಆದುದು ಬ್ರೈಲ್ ಲಿಪಿ. ಫ್ರಾನ್ಸ್ ದೇಶದ ಲೂಯಿ ಬ್ರೈಲ್ (೧೮೦೯–೧೮೫೨) ಎಂಬವನು ಮೂರನೆಯ ವಯಸ್ಸಿನಲ್ಲಿ ಆದ ಗಾಯದಿಂದ ದೃಷ್ಟಿಯನ್ನು ಕಳೆದುಕೊಂಡನು. ಹದಿನೈದರ ಪ್ರಾಯದಲ್ಲಿಯೇ ಉಬ್ಬುಚುಕ್ಕಿಗಳ ಈ ಲಿಪಿಯನ್ನು ರೂಪಿಸಿದನು. ೧೮೨೯ರಲ್ಲಿ ಅದು ಪುಸ್ತಕರೂಪವಾಗಿ ಪ್ರಕಟವಾಯಿತು. ಒಂದು ಮನೆಯಲ್ಲಿ ಎಡಕ್ಕೆ ಮೂರು, ಬಲಕ್ಕೆ ಮೂರು, ಹೀಗೆ ಆರು ಚುಕ್ಕಿಗಳ ಸ್ಥಾನ. ಯಾವ ಚುಕ್ಕಿ ಉಬ್ಬಿದೆ, ಯಾವುದು ಇಲ್ಲ ಎಂಬುದರಿಂದ ೬೩ ಗುರುತುಗಳು ಹುಟ್ಟುತ್ತವೆ. ೧೯೫೧ರಲ್ಲಿ ಭಾರತದ ಭಾಷೆಗಳಿಗೆಲ್ಲ ಹೊಂದುವಂತೆ ಭಾರತಿ ಬ್ರೈಲ್ ಎಂಬ ಒಂದೇ ಕ್ರಮವು ನಿರ್ಣಯವಾಯಿತು. ಕನ್ನಡದ 'ಕ'ಕಾರಕ್ಕೂ ಹಿಂದಿಯ 'ಕ'ಕಾರಕ್ಕೂ ಅದರಲ್ಲಿ ಒಂದೇ ಗುರುತು. 'ಬಸವ' ಎಂಬ ನಾಮವನ್ನು ಬರೆಯಲು ಮೂರು ಮನೆಗಳು ಸಾಕು: 'ಬ'ಕ್ಕೆ ೧, ೨, 'ಸ'ಕ್ಕೆ ೨, ೩, ೪, 'ವ'ಕ್ಕೆ ೧, ೨, ೩, ೬. ಒಟ್ಟು ಒಂಬತ್ತು ಚುಕ್ಕಿಗಳು. ಹಲಗೆಯ ಮೇಲೆ ಮೊಳೆಯಿಂದ ಚುಚ್ಚಿ ಬರೆಯುವಾಗ ಬಲದಿಂದ ಎಡಕ್ಕೆ ಬರೆದು, ಹಾಳೆಯನ್ನು ತಿರುಗಿಸಿ ಎಡದಿಂದ ಬಲಕ್ಕೆ ಬೆರಳಾಡಿಸಿ ಓದಬೇಕು.

ಬೆರಳಿಗೆ ಇಂಥ ಸೂಕ್ಷ್ಮತೆ ಹೇಗೆ ಬಂದೀತೆಂದು ಸಂದೇಹಪಡುವವರು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿ ನೋಡಬಹುದು. ಗೂಡನ್ನು ಬೆರಳುಗಳ ನಡುವೆ ಒತ್ತಿ, ಕಿವಿಯ ಬಳಿ ಅಲ್ಲಾಡಿಸಿ ಅದರ ಗುಣವನ್ನು ಹೇಳುವವರು ಅಲ್ಲಿದ್ದಾರೆ. ಅಭ್ಯಾಸದಿಂದ ಬೆರಳೂ ಅರಿಯುತ್ತದೆ. ಚನ್ನಪಟ್ಟಣದ ಕೈಕೆಲಸವೂ ಇಲ್ಲಿ ಉಪಯೋಗಕ್ಕೆ ಬರತಕ್ಕದ್ದು. ಆಲೆಮರದ ತುಂಡಿನಲ್ಲಿ ಆರು ತೂತುಗಳನ್ನು ಕೊರೆದು, ಅರಗಿನ ಬಣ್ಣವೇರಿಸಿದ ಆರು ಗೂಟಗಳನ್ನು ಕೂಡಿಸಿದರೆ ಬ್ರೈಲಿನ ಒಂದು ಮನೆಯಾಯಿತು. ಮಗುವು ಗೂಟಗಳನ್ನು ತೆಗೆದು ಹಾಕುತ್ತ ಅಕ್ಷರಗಳನ್ನು ಕಲಿಯುತ್ತದೆ. ಬೊಂಬೆ ಮಾಡುವ ಕೈಗಳಿಗೆ ಇದು ಒಂದು ಗಳಿಗೆಯ ಕೆಲಸ. ಜಿಲ್ಲೆಯ ಭೂಪಟವನ್ನು ಹಲಗೆಯ ಮೇಲೆ ಉಬ್ಬಾಗಿ ಕೆತ್ತಿದರೆ ಅರ್ಕಾವತಿಯು ಹರಿಯುವ ದಾರಿಯನ್ನೂ ಸಾವನದುರ್ಗದ ಎತ್ತರವನ್ನೂ ಬೆರಳಿನಿಂದಲೇ ತಿಳಿಯಬಹುದು. ಹೀಗೆ ಊರಿನ ಕಾಯಕವು ಊರಿನ ಮಗುವಿನ ವಿದ್ಯೆಗೆ ಸಲ್ಲುವುದಕ್ಕಿಂತ ದೊಡ್ಡ ದಾಸೋಹವಿಲ್ಲ.

ಮೈಸೂರಿನಲ್ಲಿ ೧೯೦೧ರಷ್ಟು ಹಿಂದೆಯೇ ಅಂಧರಿಗೂ ಕಿವುಡರಿಗೂ ಶಾಲೆಯು ಆರಂಭವಾಯಿತು. ಸರ್ಕಾರದ ಬ್ರೈಲ್ ಮುದ್ರಣಾಲಯವೂ ಅದೇ ನಗರದಲ್ಲಿದೆ. ಆದರೆ ಬ್ರೈಲ್ ಗ್ರಂಥಕ್ಕೆ ಒಂದು ತೊಡಕಿದೆ. ಅಚ್ಚಿನಲ್ಲಿ ಒಂದೇ ಪುಸ್ತಕವಾದುದು ಉಬ್ಬುಚುಕ್ಕಿಯಲ್ಲಿ ಹಲವು ದಪ್ಪ ಸಂಪುಟಗಳಾಗುತ್ತದೆ. ಆದುದರಿಂದ ಹಳ್ಳಿಯ ಶಾಲೆಯಲ್ಲಿ ಸಾವಿರ ಬ್ರೈಲ್ ಗ್ರಂಥಗಳನ್ನು ಕೂಡಿಸಿಡುವುದು ಸುಲಭವಲ್ಲ. ಈ ಕೊರತೆಯನ್ನು ತುಂಬುವುದಕ್ಕೆ ಬಂದಿರುವುದೇ ಓದುವ ಯಂತ್ರ.

ಗಣಕಯಂತ್ರದ ಪರದೆಯ ಮೇಲಿನ ಬರಹವನ್ನು ಧ್ವನಿಯಾಗಿ ಓದಿ ಹೇಳುವ ತಂತ್ರಾಂಶಗಳಲ್ಲಿ ಎನ್.ವಿ.ಡಿ.ಎ. ಎಂಬುದೊಂದು. ಆಸ್ಟ್ರೇಲಿಯಾದ ಇಬ್ಬರು ದೃಷ್ಟಿಹೀನ ತರುಣರು ೨೦೦೬ರಲ್ಲಿ ಆರಂಭಿಸಿದ ಈ ಕೆಲಸವು ಎಲ್ಲರಿಗೂ ಬೆಲೆಯಿಲ್ಲದೆ ದೊರೆಯುತ್ತದೆ. ಕಣ್ಣಿಲ್ಲದವರೇ ಕಣ್ಣಿಲ್ಲದವರಿಗಾಗಿ ಮಾಡಿ ಲೋಕಕ್ಕೆ ಒಪ್ಪಿಸಿದ ಈ ಕೆಲಸವನ್ನು ಕಾಯಕವೆಂದೂ ದಾಸೋಹವೆಂದೂ ಕರೆಯಲು ಅಡ್ಡಿಯಿಲ್ಲ. ಇದು ಕನ್ನಡವನ್ನೂ ಓದಬಲ್ಲುದು. ಮನೆಮನೆಯಲ್ಲಿಯೂ ಇರುವ ಮೊಬೈಲ್ ಫೋನಿನಲ್ಲಿಯೂ ಟಾಕ್‌ಬ್ಯಾಕ್ ಎಂಬ ಇಂಥ ಏರ್ಪಾಡು ಸಾಮಾನ್ಯವಾಗಿ ಮೊದಲೇ ಇರುತ್ತದೆ. ಅದನ್ನು ತೆರೆದು ತೋರಿಸುವವರಿಲ್ಲದೆ ಮಗುವಿಗೆ ಅದರ ಸುಳಿವೇ ಸಿಕ್ಕಿರುವುದಿಲ್ಲ.

ಇಲ್ಲಿ ಕನ್ನಡಿಗರೆಲ್ಲರೂ, ವಿಶೇಷವಾಗಿ ಮಠಗಳ ಪ್ರಕಟನ ವಿಭಾಗದವರು, ಲಕ್ಷ್ಯವಿಡಬೇಕಾದ ಒಂದು ವಿಷಯವಿದೆ. ಯಂತ್ರವು ಅಕ್ಷರದ ಆಕಾರವನ್ನು ನೋಡಿ ಓದುವುದಿಲ್ಲ. ಅಕ್ಷರದ ಹಿಂದಿರುವ ಸಂಕೇತವನ್ನು ಹಿಡಿದು ಓದುತ್ತದೆ. ಯೂನಿಕೋಡ್ ಎಂಬ ಸರ್ವಸಮ್ಮತವಾದ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಸಂಕೇತವಿದೆ. ಆದರೆ ಅದಕ್ಕೆ ಹಿಂದಿನ ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ, ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರವನ್ನು ಹೊದಿಸಿರುತ್ತಾರೆ. ಕಣ್ಣಿಗೆ ಅದು ಅಚ್ಚುಕಟ್ಟಾದ ಕನ್ನಡ. ಓದುವ ಯಂತ್ರಕ್ಕೆ ಮಾತ್ರ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪುಟಗಳನ್ನು ಬರಿಯ ಚಿತ್ರವಾಗಿ ತೆಗೆದು ಕೂಡಿಸಿದ ಗ್ರಂಥವಂತೂ ಯಂತ್ರಕ್ಕೆ ಪೂರ್ಣ ಮೌನ. ಇದನ್ನು ಪರೀಕ್ಷಿಸುವ ಉಪಾಯವು ಸುಲಭವಾದುದು. ಗಣಕಯಂತ್ರದಲ್ಲಿ ಆ ಗ್ರಂಥವನ್ನು ತೆರೆದು, ಯೂನಿಕೋಡಿನಲ್ಲಿ 'ಬಸವಣ್ಣ' ಎಂದು ಬರೆದು ಹುಡುಕಬೇಕು. ಪುಟದ ಮೇಲೆ ಆ ಹೆಸರು ಕಣ್ಣಿಗೆ ಕಾಣುತ್ತಿದ್ದರೂ ಹುಡುಕಾಟದಲ್ಲಿ ಸಿಕ್ಕದಿದ್ದರೆ, ಕಣ್ಣಿಲ್ಲದ ಭಕ್ತನಿಗೂ ಅಲ್ಲಿ ಬಸವಣ್ಣನವರು ಸಿಕ್ಕುವುದಿಲ್ಲ.

ಮಠಗಳು ಅಚ್ಚು ಹಾಕಿಸಿದ ವಚನಸಂಪುಟಗಳು, ಶರಣಚರಿತ್ರೆಗಳು, ಸ್ಮರಣಗ್ರಂಥಗಳು ಎಷ್ಟು! ಅವುಗಳಲ್ಲಿ ಈ ಪರೀಕ್ಷೆಗೆ ನಿಲ್ಲತಕ್ಕವು ಎಷ್ಟು? ಜಾತಿಯನ್ನೂ ಕುಲವನ್ನೂ ಕೇಳದೆ ಎಲ್ಲರಿಗೂ ತಿಳಿಯುವ ನುಡಿಯಲ್ಲಿ ಶರಣರು ಹೇಳಿದ ಮಾತು, ಅಚ್ಚಿನ ಒಂದು ತಾಂತ್ರಿಕ ಅಭ್ಯಾಸದ ದೆಸೆಯಿಂದ ಕೆಲವರಿಗೆ ಮುಚ್ಚಿಹೋಗುವುದು ಉಚಿತವಲ್ಲ. ದಾರಿ ಇಲ್ಲದೆಯೂ ಇಲ್ಲ. ಕನ್ನಡಾಭಿಮಾನಿಗಳ ಸ್ವಯಂಪ್ರಯತ್ನದಿಂದ ರೂಪುಗೊಂಡ 'ವಚನ ಸಂಚಯ'ದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳು ಯೂನಿಕೋಡಿನಲ್ಲಿ, ಹುಡುಕಲು ಬರುವಂತೆ ದೊರೆಯುತ್ತವೆ. ಮಠಗಳು ಮುಂದೆ ಹೊರತರುವ ಪ್ರತಿಯೊಂದು ಗ್ರಂಥವನ್ನೂ ಅಚ್ಚಿನ ಪ್ರತಿಯೊಡನೆ ಯೂನಿಕೋಡ್ ಪ್ರತಿಯಾಗಿಯೂ ಸಿದ್ಧಪಡಿಸಿ ಶಾಲೆಯ ಗ್ರಂಥಭಂಡಾರಗಳಿಗೆ ಒಪ್ಪಿಸುವ ಪದ್ಧತಿಯನ್ನು ಇಟ್ಟುಕೊಂಡರೆ, ಹೆಚ್ಚಿನ ವೆಚ್ಚವಿಲ್ಲದೆ ಮಹತ್ತಾದ ಕಾರ್ಯವು ನೆರವೇರುತ್ತದೆ.

ಹೀಗೆ ಗ್ರಂಥವನ್ನು ಬೇರೆ ರೂಪಕ್ಕೆ ತಿರುಗಿಸುವುದು ಕೃತಿಸ್ವಾಮ್ಯಕ್ಕೆ ವಿರುದ್ಧವೆಂಬ ಹೆದರಿಕೆ ಅನೇಕರಲ್ಲಿದೆ. ೨೦೧೨ರಲ್ಲಿ ಭಾರತದ ಕೃತಿಸ್ವಾಮ್ಯ ಕಾಯಿದೆಗೆ ಆದ ತಿದ್ದುಪಡಿಯಂತೆ, ಅಂಗವೈಕಲ್ಯವುಳ್ಳವರ ಓದಿಗಾಗಿ, ಲಾಭದ ಉದ್ದೇಶವಿಲ್ಲದೆ, ಗ್ರಂಥವನ್ನು ಅವರಿಗೆ ಒದಗುವ ರೂಪಕ್ಕೆ ಮಾಡಿಕೊಡುವುದು ಅಪರಾಧವಲ್ಲ. ೨೦೧೩ರಲ್ಲಿ ಮೊರಾಕ್ಕೋ ದೇಶದ ಮರಾಕೆಶ್ ನಗರದಲ್ಲಿ ಇದೇ ಉದ್ದೇಶದಿಂದ ಅಂತರರಾಷ್ಟ್ರೀಯ ಒಪ್ಪಂದವಾಯಿತು. ೨೦೧೪ರಲ್ಲಿ ಅದನ್ನು ಎಲ್ಲಕ್ಕೂ ಮೊದಲು ಅಂಗೀಕರಿಸಿದ ದೇಶವು ಭಾರತವೆಂಬುದು ಹೆಮ್ಮೆಯ ಸಂಗತಿ. ೨೦೧೬ರ ಆಗಸ್ಟಿನಲ್ಲಿ 'ಸುಗಮ್ಯ ಪುಸ್ತಕಾಲಯ'ವೆಂಬ ಅಂತರ್ಜಾಲ ಗ್ರಂಥಭಂಡಾರವು ತೆರೆಯಿತು. ಅಚ್ಚನ್ನು ಓದಲಾರದವರು ಅದರ ಸದಸ್ಯರಾಗಿ, ತಮಗೆ ಬೇಕಾದ ರೂಪದಲ್ಲಿ ಗ್ರಂಥಗಳನ್ನು ಪಡೆಯಬಹುದು. ಬೆಂಗಳೂರಿನ ಮಿತ್ರ ಜ್ಯೋತಿಯಂಥ ಸಂಸ್ಥೆಗಳು ೧೯೯೦ರಿಂದಲೂ ಗ್ರಂಥಗಳನ್ನು ಧ್ವನಿಮುದ್ರಿಸುವ ಮತ್ತು ಬ್ರೈಲಿಗೆ ತಿರುಗಿಸುವ ಕಾರ್ಯದಲ್ಲಿ ತೊಡಗಿವೆ. ಇವುಗಳ ಬಾಗಿಲನ್ನು ತಟ್ಟಿ, ಮಗುವಿನ ಹೆಸರನ್ನು ಬರೆಸಿ, ಗ್ರಂಥವನ್ನು ಇಳಿಸಿಕೊಡತಕ್ಕವನು ಗ್ರಂಥಪಾಲಕ.

ಅಂಗವೈಕಲ್ಯವೆಂದೊಡನೆ ಕುರುಡು, ಕುಂಟುಗಳು ಮಾತ್ರ ಕಣ್ಣಿಗೆ ಕಟ್ಟುವುದುಂಟು. ೧೯೯೫ರ ಕಾಯಿದೆಯು ಏಳು ಬಗೆಗಳನ್ನು ಮಾತ್ರ ಹೇಳಿತ್ತು. ೨೦೧೬ರ ಕಾಯಿದೆಯು ೨೧ ಬಗೆಗಳನ್ನು ಹೇಳುತ್ತದೆ. ಅವುಗಳಲ್ಲಿ ಪ್ರತಿಯೊಂದಕ್ಕೂ ಬೇಕಾದ ನೆರವು ಬೇರೆ ಬೇರೆ. ಮಂದದೃಷ್ಟಿಯ ಮಗುವನ್ನು ಕುರುಡೆಂದು ತಳ್ಳಿಬಿಡಬಾರದು. ದೊಡ್ಡ ಅಕ್ಷರದ ಪ್ರತಿ, ಹಿಗ್ಗಿಸಿ ತೋರಿಸುವ ಮಸೂರ, ಕಿಟಕಿಯ ಬೆಳಕು ಬೀಳುವ ಆಸನ ಇಷ್ಟರಿಂದಲೇ ಅದು ಓದೀತು. ಕಿವಿ ಕೇಳದ ಮಗುವಿಗೆ ಚಲನಚಿತ್ರದ ಪಾಠದಡಿಯಲ್ಲಿ ಬರಹವಿರಬೇಕು, ಸಂಜ್ಞಾಭಾಷೆಯಲ್ಲಿ ವಿವರಣೆಯಿರಬೇಕು. ಇದಕ್ಕಾಗಿ ಭಾರತೀಯ ಸಂಜ್ಞಾಭಾಷೆಯ ಸಂಶೋಧನ ಕೇಂದ್ರವು ೨೦೧೫ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾಯಿತು. ಪಠ್ಯಪುಸ್ತಕಗಳನ್ನು ಸಂಜ್ಞಾಭಾಷೆಗೆ ತರುವ ಒಪ್ಪಂದವು ೨೦೨೦ರಲ್ಲಿ ಆಯಿತು. ಮಾತು ಮತ್ತು ಶ್ರವಣದ ತೊಂದರೆಯುಳ್ಳ ಮಕ್ಕಳ ಪರೀಕ್ಷೆಗೆ ಮೈಸೂರಿನಲ್ಲಿ ೧೯೬೫ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಇನ್ನೊಂದು ಬಗೆಯ ಮಗುವಿದೆ. ಅದಕ್ಕೆ ಕಣ್ಣಿದೆ, ಕಿವಿಯಿದೆ, ಬುದ್ಧಿಯೂ ಚುರುಕಾಗಿದೆ. ಆದರೆ ಪುಟದ ಮೇಲೆ ಅಕ್ಷರಗಳು ಅದರ ಹಿಡಿತಕ್ಕೆ ಸಿಕ್ಕವು. ಕನ್ನಡದ ಒತ್ತಕ್ಷರಗಳೂ ಒಂದನ್ನೊಂದು ಹೋಲುವ ಅಕ್ಷರಗಳೂ ಅದಕ್ಕೆ ದೊಡ್ಡ ತೊಡಕು. ಇಂಥ ಮಗುವನ್ನು ಸೋಮಾರಿಯೆಂದೂ ದಡ್ಡನೆಂದೂ ಹೊಡೆದು ಬಯ್ದು ಶಾಲೆಯಿಂದ ಓಡಿಸಿದ್ದು ಹಿಂದಿನ ಕಾಲದಲ್ಲಿ ಕಡಮೆಯಿಲ್ಲ. ಈ ಕಲಿಕೆಯ ತೊಂದರೆಯನ್ನು ೨೦೧೬ರ ಕಾಯಿದೆಯು ಅಂಗವೈಕಲ್ಯವೆಂದು ಒಪ್ಪಿಕೊಂಡಿದೆ. ಕಿವಿಯಲ್ಲಿ ಧ್ವನಿಯನ್ನು ಕೇಳುತ್ತ, ಅದೇ ಹೊತ್ತಿಗೆ ಪರದೆಯ ಮೇಲೆ ಓದುತ್ತಿರುವ ಪದವು ಬಣ್ಣಗಟ್ಟುವುದನ್ನು ನೋಡುತ್ತ ಹೋದರೆ ಇಂಥ ಮಕ್ಕಳಲ್ಲಿ ಅನೇಕರಿಗೆ ಓದು ಹಗುರಾಗುತ್ತದೆ. ಒಂದೇ ಸಾಲನ್ನು ಬಿಟ್ಟು ಉಳಿದುದನ್ನು ಮುಚ್ಚುವ ರಟ್ಟಿನ ಪಟ್ಟಿಯೂ ಒಂದು ಸಾಧನವೇ. ಅದರ ಬೆಲೆ ಕಾಸಿಗಿಂತ ಕಡಮೆ. ಕೈಕಾಲುಗಳ ತೊಂದರೆಯುಳ್ಳ ಮಗುವಿಗೆ ಬೇಕಾದುದು ಪುಸ್ತಕವನ್ನು ಹಿಡಿದು ನಿಲ್ಲಿಸುವ ಪೀಠ, ಕೈಗೆ ಎಟಕುವ ಕೆಳಗಿನ ಹಲಗೆ, ಗಾಲಿಕುರ್ಚಿ ಹೋಗುವಷ್ಟು ಅಗಲವಾದ ಬಾಗಿಲು, ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಇಳಿಜಾರು ದಾರಿ. ಈ ಕೊನೆಯದನ್ನು ಮಾಡುವುದಕ್ಕೆ ಕನಕಪುರದ ಕಲ್ಲೂ ಊರಿನ ಗಾರೆಯವನೂ ಸಾಕು.

ಈ ಎಲ್ಲ ವ್ಯವಸ್ಥೆಯನ್ನು ಕೇಳುವುದು ಭಿಕ್ಷೆಯಲ್ಲವೆಂಬುದನ್ನು ತಂದೆತಾಯಿಗಳು ಮುಖ್ಯವಾಗಿ ತಿಳಿಯಬೇಕು. ಶೇಕಡ ೪೦ಕ್ಕೆ ಕಡಮೆಯಿಲ್ಲದ ವೈಕಲ್ಯವೆಂದು ಪ್ರಮಾಣಪತ್ರ ಪಡೆದ ಮಕ್ಕಳಿಗೆ ೬ರಿಂದ ೧೮ ವರ್ಷದವರೆಗೆ ಶುಲ್ಕವಿಲ್ಲದ ಶಿಕ್ಷಣವನ್ನು ೨೦೧೬ರ ಕಾಯಿದೆಯು ವಿಧಿಸುತ್ತದೆ. ಅವರಿಗೆ ಪುಸ್ತಕಗಳನ್ನೂ ತಕ್ಕ ಸಾಧನಗಳನ್ನೂ ೧೮ ವರ್ಷದವರೆಗೆ ಬೆಲೆಯಿಲ್ಲದೆ ಒದಗಿಸುವ ಕ್ರಮವನ್ನು ಸರ್ಕಾರವು ಕೈಗೊಳ್ಳಬೇಕೆಂದೂ ಅದು ಹೇಳುತ್ತದೆ. ಗ್ರಾಮ ಪಂಚಾಯತಿಯ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ, ಶಿಕ್ಷಣ ಇಲಾಖೆಯ ತಾಲ್ಲೂಕು ಮಟ್ಟದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಉಪಾಧ್ಯಾಯರೂ ಇದ್ದಾರೆ. ಮಗುವನ್ನು ಕಂಡ ಗ್ರಂಥಪಾಲಕನು ಮೊದಲು ಭೇಟಿಯಾಗಬೇಕಾದವರು ಇವರೇ.

ಇನ್ನು ಗ್ರಂಥಪಾಲಕನೆಂದರೆ ಯಾರು? ಬಹುಪಾಲು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಆ ಹೆಸರಿನ ಪ್ರತ್ಯೇಕ ಹುದ್ದೆಯಿಲ್ಲ. ಒಬ್ಬ ಉಪಾಧ್ಯಾಯರೇ ಪಾಠದ ನಡುವೆ ಬೀರುವಿನ ಬೀಗದ ಕೈಯನ್ನೂ ಇಟ್ಟುಕೊಂಡಿರುತ್ತಾರೆ. ಆದರೆ ಊರಿನಲ್ಲಿ ಇನ್ನೊಂದು ಬಾಗಿಲು ತೆರೆದಿದೆ. ೧೯೬೫ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ತರುವಾಯ ಬೆಳೆದು ಬಂದ ಗ್ರಾಮ ಗ್ರಂಥಾಲಯಗಳು ೨೦೧೯ರಲ್ಲಿ ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. ೨೦೨೦ರ ನವೆಂಬರಿನಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಶುಲ್ಕವಿಲ್ಲದ ಸದಸ್ಯತ್ವ ದೊರೆಯಿತು. ಈಗ ಅವುಗಳಿಗೆ 'ಅರಿವು ಕೇಂದ್ರ'ವೆಂಬ ಹೆಸರು. ಅರಿವೇ ಗುರುವೆಂದು ನಂಬಿದ ಭಕ್ತರಿಗೆ ಈ ಹೆಸರಿನ ತೂಕವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಶಾಲೆಯ ಉಪಾಧ್ಯಾಯರೂ ಅರಿವು ಕೇಂದ್ರದ ಮೇಲ್ವಿಚಾರಕರೂ ಕೈಗೂಡಿಸಿದರೆ, ಶಾಲೆಯಲ್ಲಿ ಇಲ್ಲದ ಗಣಕಯಂತ್ರವು ಕೇಂದ್ರದಲ್ಲಿ ದೊರೆತೀತು, ಕೇಂದ್ರಕ್ಕೆ ತಿಳಿಯದ ಮಗುವಿನ ಅಗತ್ಯವು ಶಾಲೆಯಿಂದ ತಿಳಿದೀತು. ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರಾದ ಎಸ್. ಆರ್. ರಂಗನಾಥನ್‌ರವರು ೧೯೩೧ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಎರಡನೆಯದರ ತಾತ್ಪರ್ಯವೂ ಇದೇ. ಓದುಗರಲ್ಲಿ ಯಾರೊಬ್ಬನೂ ತನ್ನ ಗ್ರಂಥವನ್ನು ಕಾಣದೆ ಮರಳಬಾರದು. ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದ ಆ ಮಹನೀಯರು ಹೇಳಿದ ಓದುಗನಲ್ಲಿ ಕಣ್ಣಿಲ್ಲದವನೂ ಸೇರಿದ್ದಾನೆ.

ಇದಕ್ಕೆ ಬರುವ ಆಕ್ಷೇಪಗಳು ಮುಖ್ಯವಾಗಿ ಮೂರು. ಒಂದನೆಯದು, ಶಾಲೆಯಲ್ಲಿ ಇಂಥ ಮಗು ಒಂದೇ ಒಂದು, ಅದಕ್ಕಾಗಿ ಇಷ್ಟೆಲ್ಲ ಏಕೆ ಎಂಬುದು. ಪಂಕ್ತಿಯಲ್ಲಿ ಕೊನೆಗೆ ಉಳಿದವನು ಒಬ್ಬನೇ ಎಂದು ಅಡಿಗೆಯ ಮನೆಯ ಬಾಗಿಲನ್ನು ಮುಚ್ಚುವ ಪದ್ಧತಿ ಯಾವ ಮಠದಲ್ಲಿಯೂ ಇಲ್ಲ. ಎರಡನೆಯದು, ಹಣವೆಲ್ಲಿ ಎಂಬುದು. ಮೇಲೆ ಹೇಳಿದ ಸಾಧನಗಳಲ್ಲಿ ಹಲವು ಬೆಲೆಯಿಲ್ಲದವು, ಕೆಲವು ಊರಿನಲ್ಲಿಯೇ ಆಗತಕ್ಕವು. ಮೂರನೆಯ ಆಕ್ಷೇಪವನ್ನು ಬಾಯಲ್ಲಿ ಯಾರೂ ಹೇಳುವುದಿಲ್ಲ, ಆಚರಣೆಯಲ್ಲಿ ಮಾತ್ರ ಕಾಣುತ್ತದೆ. ಬಂದ ಸಾಧನವು ಕೆಟ್ಟುಹೋದೀತೆಂಬ ಅಂಜಿಕೆಯಿಂದ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು. ಸಾಧನವನ್ನು ಕೊಡುವ ಸಮಾರಂಭವು ನಡೆಯುತ್ತದೆ, ಭಾವಚಿತ್ರವನ್ನು ತೆಗೆಯುತ್ತಾರೆ, ದಾನಿಯ ಹೆಸರು ಕಲ್ಲಿನಲ್ಲಿ ಮೂಡುತ್ತದೆ, ಮಗುವಿನ ಬೆರಳು ಮಾತ್ರ ಅದನ್ನು ಮುಟ್ಟುವುದಿಲ್ಲ. ಬಳಸಿ ಸವೆದ ಸಾಧನವು ಗ್ರಂಥಪಾಲಕನಿಗೆ ಭೂಷಣ. ಹೊಸದಾಗಿಯೇ ಉಳಿದ ಸಾಧನವು ಅವನಿಗೆ ಅಪಕೀರ್ತಿ. ಲೆಕ್ಕದ ಪುಸ್ತಕವನ್ನು ಪರಿಶೀಲಿಸಲು ಬರುವ ಅಧಿಕಾರಿಗಳೂ ಇದನ್ನು ಒಪ್ಪಿ, ಸವೆತವನ್ನು ತಪ್ಪೆಂದು ಎಣಿಸದೆ ಇದ್ದರೆ ಉಪಾಧ್ಯಾಯರ ಅಂಜಿಕೆಯೂ ಕಡಮೆಯಾದೀತು.

ಯಂತ್ರವು ಎಲ್ಲವನ್ನೂ ಮಾಡೀತೆಂಬ ಭ್ರಮೆಯೂ ಬೇಡ. ಅಚ್ಚಿನ ಪುಟವನ್ನು ಚಿತ್ರ ತೆಗೆದು ಬರಹವಾಗಿ ಮಾಡುವ ತಂತ್ರಾಂಶಗಳು ಕನ್ನಡದ ಒತ್ತಕ್ಷರಗಳಲ್ಲಿ ಆಗಾಗ ತಪ್ಪುತ್ತವೆ. ಹಳೆಯ ಅಚ್ಚಿನ ಮಸುಕಾದ ಪುಟಗಳಲ್ಲಿ ತಪ್ಪು ಇನ್ನೂ ಹೆಚ್ಚು. ಹಿರಿಯ ತರಗತಿಯ ವಿದ್ಯಾರ್ಥಿಗಳು ವಾರಕ್ಕೆ ಒಂದು ಗಂಟೆ ಕುಳಿತು ಹತ್ತು ಪುಟಗಳನ್ನು ತಿದ್ದಿದರೂ ವರ್ಷಕ್ಕೆ ಕೆಲವು ಗ್ರಂಥಗಳು ಶುದ್ಧವಾಗಿ ಸಿದ್ಧವಾಗುತ್ತವೆ. ಬ್ರೈಲನ್ನು ಬಿಟ್ಟು ಬರಿಯ ಧ್ವನಿಯನ್ನೇ ನಂಬುವುದೂ ಸರಿಯಲ್ಲ. ಕಿವಿಯಲ್ಲಿ ಕೇಳಿದವನಿಗೆ ಕಥೆ ತಿಳಿದೀತು. ಕಾಗುಣಿತವೂ ಗಣಿತದ ಸೂತ್ರವೂ ನೆಲೆಗೊಳ್ಳಲು ಬೆರಳಿನ ಓದು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಸಾಧನವು ಒಪ್ಪುತ್ತದೆಂಬುದನ್ನು ಮಗುವನ್ನೇ ಕೇಳಬೇಕು. ಎಲ್ಲರೆದುರಿಗೆ ಎಬ್ಬಿಸಿ ನಿಲ್ಲಿಸಿ ಕೇಳಬಾರದು, ಬಳಿಯಲ್ಲಿ ಕುಳಿತು ಮೆಲ್ಲಗೆ ಕೇಳಬೇಕು. ಕರುಣೆಯ ಪ್ರದರ್ಶನವು ಮಗುವಿನ ಅಭಿಮಾನವನ್ನು ಕೊಲ್ಲುತ್ತದೆ.

ಆದುದರಿಂದ ಈ ಮಹೋತ್ಸವದ ಸ್ಮರಣಾರ್ಥವಾಗಿ ಭಕ್ತವೃಂದವು ಕೈಕೊಳ್ಳಬಹುದಾದ ಕಾರ್ಯಗಳು ನಾಲ್ಕು. ಪ್ರತಿಯೊಂದು ಗ್ರಾಮದ ಭಕ್ತರು ತಮ್ಮ ಊರಿನಲ್ಲಿ ಮನೆಯಲ್ಲಿ ಉಳಿದ ಮಗುವನ್ನು ಗುರುತಿಸಿ ಶಾಲೆಗೂ ಅರಿವು ಕೇಂದ್ರಕ್ಕೂ ಕರೆತರುವುದು ಒಂದು. ಮಠದ ಶಾಲೆಗಳಲ್ಲಿ ಓದುವ ತಂತ್ರಾಂಶವನ್ನು ಅಳವಡಿಸಿದ ಒಂದು ಗಣಕಯಂತ್ರವನ್ನೂ ಎರಡು ಬ್ರೈಲ್ ಹಲಗೆಗಳನ್ನೂ ಬೀಗವಿಲ್ಲದ ಜಾಗದಲ್ಲಿ ಇಡುವುದು ಎರಡು. ಮಠದ ಪ್ರಕಟನೆಗಳನ್ನೆಲ್ಲ ಯೂನಿಕೋಡಿಗೆ ತರುವುದು ಮೂರು. ಗ್ರಂಥಭಂಡಾರವನ್ನು ನೋಡಿಕೊಳ್ಳುವ ಉಪಾಧ್ಯಾಯರಿಗೆ ಈ ವಿದ್ಯೆಯಲ್ಲಿ ಶಿಕ್ಷಣವನ್ನು ಕೊಡಿಸಿ, ಅವರ ಈ ಕೆಲಸವನ್ನು ಹೆಚ್ಚುವರಿ ಹೊರೆಯೆಂದು ಎಣಿಸದೆ ಕಾಯಕವೆಂದು ಗೌರವಿಸುವುದು ನಾಲ್ಕು.

ಇವುಗಳಲ್ಲಿ ಯಾವುದೂ ಅಸಾಧ್ಯವಲ್ಲ. ಹಾನಗಲ್ಲಿನ ಕುಮಾರಸ್ವಾಮಿಗಳ ಬಳಿ ಓದುವ ಯಂತ್ರವಿರಲಿಲ್ಲ, ಕಾಯಿದೆಯ ಬೆಂಬಲವೂ ಇರಲಿಲ್ಲ. ಕುರುಡು ಹುಡುಗನೊಬ್ಬನು ಪ್ರಯೋಜನವಿಲ್ಲದವನೆಂದು ಒಪ್ಪದ ಮನಸ್ಸು ಮಾತ್ರ ಅವರಲ್ಲಿತ್ತು. ಅಷ್ಟರಿಂದಲೇ ಅವರು ಗವಾಯಿಗಳನ್ನು ನಾಡಿಗೆ ಕೊಟ್ಟರು. ಇಂದು ಯಂತ್ರವಿದೆ, ಕಾಯಿದೆಯಿದೆ, ಊರಿಗೊಂದು ಗ್ರಂಥಾಲಯವಿದೆ. ಆ ಮನಸ್ಸನ್ನು ಉಳಿಸಿಕೊಂಡು, ಬಡಿಸುವ ಕೈಯನ್ನು ಕೊನೆಯ ಎಲೆಯವರೆಗೂ ಚಾಚುವ ಸದ್ಬುದ್ಧಿಯನ್ನು ಬಸವಾದಿ ಪ್ರಮಥರು ಶಿಷ್ಯಸಮೂಹಕ್ಕೆ ಅನುಗ್ರಹಿಸಲಿ.

ಶರಣು ಶರಣಾರ್ಥಿ.